ಸ್ಪಿರಿಟ್ಟಿಗೆ ಬಿದ್ದ ತುಣುಕು

ಮೊದಲ ಕಲ್ಲು ತಗಡಿನ ಛಾವಣಿಗೆ ಬಡಿಯಿತು, ಎರಡನೆಯದು ನೀರು ಕಾಯಿಸಿದ ಹಂಡೆಗೆ. ಪರದೆಯ ಹಿಂದೆ ಇಸಾಕನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದ ಗಂಡಸರು ತಂಬಿಗೆ ಹಿಡಿದ ಕೈಗಳನ್ನು ಹಾಗೇ ನಿಲ್ಲಿಸಿ ಹೊರಗೆ ನೋಡಿದರು. ಅಂಗಳದಲ್ಲಿ ದಿಗ್ಗೇವಾಡಿಯ ಕಾಳವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೆಯ ಕಲ್ಲಿಗೆ ಬಗ್ಗಿದ್ದಳು.

"ನನ್ನ ಮಗನ ಸಾಕ್ಷಿ ತೊಳದ ಕೈ ಅವು. ನೀವು ಎಷ್ಟ ನೀರ ಹಾಕಿದ್ರೂ ಸ್ವಚ್ಛ ಆಗಂಗಿಲ್ಲ," ಅಂದಳು.

ಇಸಾಕನ ಮಗ ದಾನಿಶ ಕುಂಟುತ್ತ ಓಡಿ ಅವಳ ರಟ್ಟೆ ಹಿಡಿದ. ಅವಳು ಕಲ್ಲು ಬಿಡಲಿಲ್ಲ, ಅದರಿಂದಲೇ ಅವನ ಹುಬ್ಬಿಗೆ ಗುದ್ದಿದಳು. ರಕ್ತ ಕಣ್ಣಿಗಿಳಿಯಿತು. ನಾಲ್ಕು ಮಂದಿ ಸೇರಿ ಆ ಮುದುಕಿಯನ್ನು ಕೆಡವಿ, ಕೆನ್ನೆ ಮಣ್ಣಿಗೆ ಹತ್ತುವ ಹಾಗೆ ಒತ್ತಿ ಹಿಡಿದರು.

"ಬಿಡ್ರಿ ಆಕೀನ," ಎಂದು ಇಸಾಕನ ಹೆಂಡತಿ ಮೆಹರುಬಿ ಒಳಗಿನ ಕಿಟಕಿಯಿಂದ ಕೂಗಿದಳು. "ನನ್ನ ಮನಿ ಅಂಗಳದಾಗ ಆಕೀಗೆ ಕೈ ಹಚ್ಚಬ್ಯಾಡ್ರಿ."

ಗಂಡ ಸತ್ತ ಹೆಂಗಸು ಇದ್ದತ್ತಿನ ಶೋಕದ ದಿನ ಮುಗಿಯುವ ತನಕ ಹೊಸ್ತಿಲು ದಾಟುವ ಹಾಗಿಲ್ಲ. ಅಕ್ಕಪಕ್ಕದ ಹೆಣ್ಣುಮಕ್ಕಳು ಅವಳನ್ನು ಮತ್ತೆ ಚಾಪೆಗೆ ಎಳೆದು ಕೂರಿಸಿದರು. ಶವವಿಟ್ಟ ಜನಾಜಾ ಎತ್ತುವ ಮುಂಚೆ ಇಮಾಮರು ನೆರೆದವರನ್ನು ಕೇಳುವ ಒಂದು ಮಾತಿದೆ: ಈ ಮನುಷ್ಯನಿಂದ ಯಾರಿಗಾದರೂ ಅನ್ಯಾಯವಾಗಿದ್ದರೆ ಮಾಫ್ ಮಾಡಿ. ಎಲ್ಲರೂ "ಮಾಫ್, ಮಾಫ್" ಎಂದು ಗೊಣಗುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಮನ್ನಿಸಬೇಕು, ದೇವರೂ ನಡುವೆ ಬರುವುದಿಲ್ಲ. ಮೆಹರುಬಿ ಇದನ್ನು ಗಟ್ಟಿಯಾಗಿ ನಂಬಿದ್ದಳು. ಏಕಸಂಬಿಯ ಅರ್ಧ ಊರೇ ಸೇರಿದ್ದ ಆ ಅಂಗಳದಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಬಾಯಿಯ ಮಾತು, ಈಗ ಮಣ್ಣು ಮುಕ್ಕುತ್ತಿದ್ದ ಆ ಬಾಯಿಯದು.

* * *

ಇಸಾಕ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ದೇಹದಿಂದ ಕತ್ತರಿಸಿ ತಂದ ತುಣುಕುಗಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ಅವನ ಕೆಲಸ. ದಿನವೆಲ್ಲ ಮಾಂಸ ಹೆರೆಯುವ ಈ ಗಂಡಸು ಮನೆಯಲ್ಲಿ ಕೋಳಿ ಕೊಯ್ಯಬೇಕೆಂದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದ. ಮೆಹರುಬಿ ಅದಕ್ಕೆ ನಕ್ಕು ನಕ್ಕು ಸಾಕಾಗಿದ್ದಳು.

ಕಾಳವ್ವನ ಮಗ ಕಾಡಸಿದ್ದ ಎಂಬವನು ಊರ ಧಣಿ ಸಂಜಯನ ಹೊಲದಲ್ಲಿ ಟ್ರ್ಯಾಕ್ಟರು ಹೊಡೆಯುತ್ತಿದ್ದ. ನದಿಯ ಪಂಪಿನ ನೀರಿನ ಪಾಳಿಯ ವಿಷಯಕ್ಕೆ ಹತ್ತು ಜನರ ಮುಂದೆ ಧಣಿಗೆ ಎದುರು ಮಾತಾಡಿದ. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ, ಇವನಿಗೆ ಬರೀ ದವಡೆಗೆ ಮುಗಿಯಲಿಲ್ಲ. ಮರುದಿನ ಅವನ ಹೆಣ ಕಬ್ಬಿನ ಹೊಲದ ದಾರಿಯಲ್ಲಿ ಸಿಕ್ಕಿತು, ತೊಡೆಯ ಎಲುಬುಗಳೆರಡೂ ನುಚ್ಚುನೂರಾಗಿದ್ದವು. ಕುಡಿದು ಎದೆಯೊಡೆದು ಸತ್ತು ಬಿದ್ದಿದ್ದನಂತೆ, ಆಮೇಲೆ ಕಬ್ಬಿನ ಟ್ರಾಲಿ ಹೆಣದ ಮೇಲೆ ಹಾಯ್ದಿತಂತೆ. ಎಲುಬಿಲ್ಲದ ನಾಲಿಗೆ, ಸಂಜಯ ಏನು ಬೇಕಾದರೂ ಹೇಳಿದ.

ಕಾಡಸಿದ್ದನ ಶ್ವಾಸಕೋಶದ ತುಣುಕುಗಳು ಲ್ಯಾಬಿಗೆ ಬಂದವು. ಆ ಸಂಜೆ ಇಸಾಕ ಊಟಕ್ಕೆ ಕುಳಿತು ಹೆಂಡತಿಗೆ ತಿಳಿಸಿ ಹೇಳಿದ.

"ಎಲುಬಿನ ಒಳಗ ಕೊಬ್ಬ ಇರತೈತಿ, ಮೆಹರು. ಜೀವ ಇದ್ದಾಗ ಮುರದ್ರ ಅದು ರಕ್ತದ ಕೂಡ ಹರದು ಫುಪ್ಪುಸಕ್ಕ ಹೋಗಿ ಸಿಕ್ಕೊತೈತಿ. ಸತ್ತ ಮ್ಯಾಲ ಮುರದ್ರ ಹೋಗಂಗಿಲ್ಲ, ರಕ್ತಾ ನಿಂತಿರತೈತಲ್ಲ. ಬರ್ಫ ಮಾಡಿ ಹೆರದು ಬಣ್ಣಾ ಹಾಕಿದ್ರ ಕೊಬ್ಬ ಕೆಂಪಗ ಕಾಣತೈತಿ."

"ಕಾಣಲಿಲ್ಲಂದ್ರ?"

"ಕಾಣತೈತಿ. ಆದ್ರ ಸ್ಪಿರಿಟ್ಟಿಗೆ ಹಾಕಬಾರದು. ಬ್ಯಾರೆ ತುಣುಕ ಎಲ್ಲಾ ಅದರಾಗ ಹಾಕ್ತೀವಿ. ಇದನ್ನ ಹಾಕಿದ್ರ ಕೊಬ್ಬೆಲ್ಲಾ ತೊಳದ ಹೋಗಿ ಬರೇ ತೂತ ಉಳೀತಾವ. ಡಾಕ್ಟರ ಎರಡ ಸಲ ಹೇಳ್ಯಾರ, ಹುಷಾರ ಇಸಾಕ ಅಂತ."

ಮರುದಿನ ಮಧ್ಯಾಹ್ನ ಸಂಜಯ ಬಂದ. ಜೊತೆಗೆ ಮೂವರಿದ್ದರು. ದಾನಿಶ ಆಗ ಬಾವಿಯಿಂದ ನೀರು ತಂದು ಕೊಡ ಇಳಿಸುತ್ತಿದ್ದ. ಅವನನ್ನು ಮಲಗಿಸಿ, ಕಾಲನ್ನು ಹೊಸ್ತಿಲಿನ ಮೇಲಿಟ್ಟು, ಜಾಕಿನ ರಾಡಿನಿಂದ ಹೊಡೆದರು. ಮೊದಲ ಏಟಿಗೆ ಮುರಿಯಲಿಲ್ಲ. ಮೆಹರುಬಿ ಮಗನ ಮೇಲೆ ಬಿದ್ದಳು, ಕೂದಲು ಹಿಡಿದು ಅವಳನ್ನು ಗೋಡೆಗೆ ಅಪ್ಪಳಿಸಿದರು. ಎರಡನೆಯ ಏಟಿಗೆ ಒಣಕಟ್ಟಿಗೆ ಮುರಿದ ಸಪ್ಪಳವಾಯಿತು.

"ಚಾಚಾಗ ಹೇಳ್ರಿ," ಅಂದ ಸಂಜಯ, ಬೆವರು ಒರೆಸಿಕೊಳ್ಳುತ್ತ. "ಅವರಿಗೆ ಎಲುಬಿನ ವಿಚಾರ ಛಲೋ ತಿಳೀತೈತಂತ."

ನಿಜ, ಚೆನ್ನಾಗಿಯೇ ತಿಳಿಯುತ್ತಿತ್ತು. ಕಾಲಿಗೆ ಪಟ್ಟಿ ಹಾಕಿಸಿ ತಂದ ಮೇಲೆ ಇಸಾಕ ಮಗನ ಎದೆಗೆ ಕಿವಿ ಹಚ್ಚಿ ಕುಳಿತುಬಿಟ್ಟ. ಈಗ ಈ ಮುರಿದ ಎಲುಬಿನ ಕೊಬ್ಬು ಎಲ್ಲಿಗೆ ಹರಿಯುತ್ತಿದೆಯೋ ಎಂದು ಅವನೊಬ್ಬನಿಗೇ ಹೆದರಿಕೆ. ಮಗ ಒಮ್ಮೆ ಕೆಮ್ಮಿದರೆ ಅಪ್ಪನ ಮುಖ ಸುಣ್ಣವಾಗುತ್ತಿತ್ತು. ಬೆಳಗಾದಾಗ ಮೆಹರುಬಿ ಗಂಡನ ಕಾಲು ಹಿಡಿದಳು.

"ಆಕೀ ಮಗಾ ಸತ್ತ ಹೋಗ್ಯಾನ. ನನ್ನ ಮಗಾ ಇನ್ನೂ ಉಸರಾಡಾಕತ್ತಾನ. ಹಾಕಿಬಿಡ್ರಿ ಸ್ಪಿರಿಟ್ಟಿಗೆ."

ಅವನು ಒಲ್ಲೆ ಅಂದ. ಅವಳು ಬಿಡಲಿಲ್ಲ. ಸೀಮೆಎಣ್ಣೆ ಡಬ್ಬಿ ತಂದು ತಲೆಯ ಮೇಲೆ ಹಿಡಿದು ನಿಂತಾಗ ಅವನು ಎದ್ದು ಬಸ್ಸಿಗೆ ಹೋದ.

ತುಣುಕು ಸ್ಪಿರಿಟ್ಟಿಗೆ ಬಿದ್ದದ್ದು ಹೇಗೆ ಎಂದು ಕೋರ್ಟಿನಲ್ಲಿ ಕೇಳಿದಾಗ "ಮರೆತೆ" ಅಂದ. ಸಂಜಯ ಹೂವಿನ ಹಾರ ಹಾಕಿಸಿಕೊಂಡು ಹೊರಬಂದ. ಆಮೇಲಿನ ಆರು ವರ್ಷ ಇಸಾಕ ಸಾರಿನ ಮೇಲೆ ಕೆಂಪೆಣ್ಣೆ ತೇಲಿದರೆ ತಟ್ಟೆ ಸರಿಸಿ ಏಳುತ್ತಿದ್ದ. ಹೆಂಡತಿಗೆ ಒಂದು ದಿನವೂ ಇದೆಲ್ಲ ನಿನ್ನಿಂದ ಎಂದು ಅನ್ನಲಿಲ್ಲ. ಅಂದಿದ್ದರೆ ಅವಳ ಎದೆ ಹಗುರಾಗುತ್ತಿತ್ತು.

* * *

ಸಂಜಯ ಇಸಾಕನ ಜನಾಜಾಕ್ಕೆ ಹೂವಿನ ಚಾದರ ತಂದಿದ್ದ. ಜನ ತಾವಾಗಿಯೇ ದಾರಿ ಬಿಟ್ಟರು.

"ಚಾಚಾ ನಮ್ಮ ಮನಿ ಮನಶಾ ಇದ್ದಂಗ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಚಾದರ ಹೊದಿಸಿ, ಜನಾಜಾದ ಮುಂದಿನ ಬಲಗಡೆ ನಿಂತ. ಎಡಕ್ಕೆ ದಾನಿಶ ಹುಬ್ಬಿಗೆ ಬಟ್ಟೆ ಕಟ್ಟಿಕೊಂಡು ತಲೆ ತಗ್ಗಿಸಿದ್ದ.

ಇಮಾಮರು ಕೇಳಿದರು. ಮಾಫ್, ಮಾಫ್ ಎಂದು ಅಂಗಳವೆಲ್ಲ ಗೊಣಗಿತು.

"ನಾ ಮಾಡಂಗಿಲ್ಲ," ಅಂದಳು ಕಾಳವ್ವ. ಅವಳ ತೋಳುಗಳನ್ನು ಇಬ್ಬರು ಇನ್ನೂ ಹಿಡಿದೇ ಇದ್ದರು.

"ತಲಿ ಕೆಟ್ಟಾಕಿ ಮಾತ ಏನ ಕೇಳ್ತೀರಿ. ಎತ್ರಿ," ಅಂದ ಸಂಜಯ. ಜನಾಜಾ ಹೆಗಲಿಗೇರಿತು.

ಮೆಹರುಬಿ ಹೊಸ್ತಿಲು ದಾಟಿದಳು. ಒಳಗಿನ ಹೆಂಗಸರು ಸೆರಗು ಹಿಡಿದೆಳೆದರು, ಸೆರಗು ಹರಿಯಿತು. ಬರಿದಲೆಯಲ್ಲೇ ಗಂಡಸರ ನಡುವೆ ನುಗ್ಗಿ ಕಾಳವ್ವನ ಮುಂದೆ ನಿಂತಳು.

"ಯಕ್ಕಾ, ಅವರು ಮರತಿರಲಿಲ್ಲ. ನಾನೇ ಹೇಳಿದ್ದೆ ಸ್ಪಿರಿಟ್ಟಿಗೆ ಹಾಕ್ರಿ ಅಂತ. ಈ ಸಂಜಯ ನನ್ನ ಮಗನ ಕಾಲ ಮುರದಿದ್ದ. ಅವರು ಒಲ್ಲೆ ಅಂದ್ರು. ನಾ ಬಿಡಲಿಲ್ಲ."

"ಚಾಚಿ, ಒಳಗ ನಡೀರಿ," ಅಂದ ಸಂಜಯ ಮೆಲ್ಲಗೆ. "ದಾನಿಶಂದು ಇನ್ನೊಂದ ಕಾಲ ಐತಿ."

ಮೆಲ್ಲಗೆ ಅಂದರೂ ಈ ಮಾತು ಇಡೀ ಅಂಗಳಕ್ಕೆ ಕೇಳಿಸಿತು. ಕಾಳವ್ವನನ್ನು ಹಿಡಿದಿದ್ದವರ ಕೈಗಳು ಸಡಿಲಾದವು. ಅವಳು ಮೊದಲು ಮೆಹರುಬಿಯ ಕೆನ್ನೆಗೆ ಬಾರಿಸಿದಳು, ಇನ್ನೊಮ್ಮೆ ಬಾರಿಸಿದಳು. ಮೆಹರುಬಿ ಮುಖ ತಪ್ಪಿಸಲಿಲ್ಲ. ಏಟು ಬಿದ್ದಷ್ಟೂ ಅವಳಿಗೆ ಉಸಿರು ಸಲೀಸಾಗಿ ಬರುತ್ತಿತ್ತು.

"ಒಲ್ಲೆ ಅಂದಿದ್ನ ಅಂವಾ?" ಕಾಳವ್ವ ಕೇಳಿದಳು.

"ಅಂದಿದ್ರು ಯಕ್ಕಾ."

ಕಾಳವ್ವ ತಿರುಗಿ ಸಂಜಯನ ಮುಂಗೈಗೆ ಬಾಯಿ ಹಾಕಿದಳು. ಅವನ ಎರಡೂ ಕೈ ಜನಾಜಾದ ಕೋಲಿಗೆ ಸಿಕ್ಕಿದ್ದವು. ಹಲ್ಲು ಎಲುಬಿಗೆ ತಾಗುವ ತನಕ ಬಿಡಲಿಲ್ಲ ಅವಳು. ಅವನು ಕೂಗಿ ಕೋಲು ಬಿಟ್ಟ, ಬಿಡುತ್ತಲೇ ಅವಳ ಬಾಯಿಗೆ ಮುಷ್ಟಿಯಿಂದ ಗುದ್ದಿದ. ತುಟಿ ಒಡೆಯಿತು. ಜನಾಜಾ ಮುಗ್ಗರಿಸಿ ಬಲಕ್ಕೆ ವಾಲಿತು, ಇಸಾಕನ ತಲೆ ಕಫನ್ನಿನ ಬಿಳಿ ಬಟ್ಟೆಯೊಳಗೆ ಹೊರಳಿತು. ಇನ್ನೊಬ್ಬ ಗಂಡಸು ಕೈ ಕೊಡುವುದರೊಳಗೆ ಕಾಳವ್ವ ಆ ಕೋಲಿನಡಿ ಹೊಕ್ಕು ಹೆಗಲು ಕೊಟ್ಟಿದ್ದಳು.

"ಇವನ ಹೆಗಲ ಮ್ಯಾಲ ಇಸಾಕ ಹೋಗೂದ ಬ್ಯಾಡ," ಅಂದಳು, ರಕ್ತ ಉಗುಳಿ.

ಸಂಜಯ ಮತ್ತೆ ಮುಷ್ಟಿ ಎತ್ತಿ ಮುಂದೆ ಬಂದ. ಈ ಸಲ ಜನ ದಾರಿ ಬಿಡಲಿಲ್ಲ. ಭುಜಕ್ಕೆ ಭುಜ ಕೊಟ್ಟು ಅಡ್ಡ ನಿಂತರು.

"ಮಾಫ್ ಮಾಡಿದ್ಯಾ ಯಕ್ಕಾ?" ಎಂದು ಮೆಹರುಬಿ ಕೇಳಿದಳು.

"ಇಲ್ಲ. ನಡೀರಿ ಮುಂದ."

ಹೆಂಗಸು ಹೆಗಲು ಕೊಡುವ ಹಾಗಿಲ್ಲ ಎನ್ನಲು ಇಮಾಮರು ಬಾಯಿ ತೆರೆದರು, ಆಮೇಲೆ ಕಣ್ಣು ಕೆಳಗೆ ಹಾಕಿ ಕಲ್ಮಾ ಪಠಣ ಶುರು ಮಾಡಿದರು. ಕಾಳವ್ವ ಗಿಡ್ಡ ಹೆಂಗಸು. ಅವಳ ಕಡೆ ತಗ್ಗಾಗಿ ಜನಾಜಾ ಸೊಟ್ಟಗೆ ಹೊರಟಿತು. ಓಣಿಯ ತಿರುವಿನಲ್ಲಿ ಉಳಿದ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಮೊಣಕಾಲು ಮಡಚಿ ಅವಳ ಎತ್ತರಕ್ಕೆ ಇಳಿದರು. ಹಾಗೆ ಕುಗ್ಗಿಕೊಂಡೇ ನಡೆದರು.