ಹುಲಿಗವ್ವ ಕುದಿಸಿದ ಪುಡಿ

ಗಿಣಿಗೇರಾದ ಹುಲಿಗವ್ವನಿಗೆ ಬೆಳಗಾದರೆ ಒಂದೇ ಕೆಲಸ. ಮುಖ ತೊಳೆಯುವ ಮೊದಲೇ ಗೋಡೆಯಾಚೆ ಇಣುಕಿ ಪಕ್ಕದ ಮನೆಯ ಶಾಂತಕ್ಕನ ಹಂದಿಮರಿಗಳನ್ನು ನೋಡುವುದು, ನೋಡಿ ಹೊಟ್ಟೆ ಉರಿಸಿಕೊಳ್ಳುವುದು. ಉರಿಯದೆ ಏನು ಮಾಡೀತು? ಎರಡೂ ಮನೆಯ ಹಂದಿಗಳು ಮರಿ ಹಾಕಿದ್ದು ಒಂದೇ ವಾರ, ಮರಿಗಳಿಗೆ ಹಾಲು ಬಿಡಿಸಿದ್ದೂ ಒಂದೇ ವಾರ. ಶಾಂತಕ್ಕನ ಮರಿಗಳು ಮೈತುಂಬಿಕೊಂಡು ಅಂಗಳವೆಲ್ಲ ಓಡಾಡುತ್ತಿದ್ದವು. ಹುಲಿಗವ್ವನ ಮರಿಗಳು ನೀರಿನಂಥ ಭೇದಿ ಹತ್ತಿ ಮೂಲೆಯಲ್ಲಿ ಮುದುಡಿ ಬಿದ್ದಿದ್ದವು. ಎರಡು ಸತ್ತೇ ಹೋದವು. ಉಳಿದವೂ ಹೋದರೆ ವರ್ಷದ ದುಡಿಮೆಯೆಲ್ಲ ಮಣ್ಣುಪಾಲು.

"ಆಕಿ ತಿನಿಸಿನಾಗ ಏನೋ ಬಿಳಿ ಪುಡಿ ಕಲಸ್ತಾಳ್ರಿ, ನಾನ ಕಣ್ಣಾರೆ ನೋಡೀನಿ," ಎಂದಳು ಗಂಡನಿಗೆ.

ಗಂಡ ಗಾಳೆಪ್ಪ ಹಂದಿಗಳಿಗೆಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಉಳಿದ ಅನ್ನ, ಸಾರು ತಂದುಕೊಡುವವ. "ಪುಡಿಯಿಂದ ಏನಾಕ್ಕೈತಿ ಬಿಡ. ಹಂದಿ ಏನ್ ತಿಂದ್ರೂ ಅರಗಿಸ್ಕೋತೈತಿ," ಎಂದ.

"ಅರಗಿಸ್ಕೊಂಡಿದ್ರ ನಮ್ಮವು ಯಾಕ ಸಾಯ್ತಿದ್ದವು?"

ಶಾಂತಕ್ಕನನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ತಲೆ ತಗ್ಗಿಸಿದಂತಾಗುವುದಲ್ಲ! ಶಾಂತಕ್ಕ ತಿಪ್ಪೆಗೆ ಎಸೆದಿದ್ದ ಖಾಲಿ ಪಾಕೀಟನ್ನು ಹುಲಿಗವ್ವ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಅದನ್ನು ತೋರಿಸಿ ಕೊಪ್ಪಳದ ಅಂಗಡಿಯಲ್ಲಿ ಅಂಥದ್ದೇ ಕೊಂಡಳು. ಶಾಂತಕ್ಕ ಒಂದು ಚಮಚ ಹಾಕಿದರೆ ತಾನು ಎರಡು ಹಾಕಿದಳು. ಕ್ಯಾಂಟೀನಿನ ತಿನಿಸನ್ನು ಅವಳು ಯಾವಾಗಲೂ ಕುದಿಸಿಯೇ ಹಾಕುವವಳು, ಅದು ಒಳ್ಳೆಯ ರೂಢಿಯೇ. ಪುಡಿಯನ್ನೂ ಅದೇ ಕುದಿಯುವ ಪಾತ್ರೆಗೆ ಸುರಿದಳು. ಬೆಂದಷ್ಟೂ ಸತ್ವ ಬಿಡುತ್ತದೆ ಎಂಬ ಲೆಕ್ಕ! ಭೇದಿ ನಿಲ್ಲಲಿಲ್ಲ. ಮೂರನೆಯ ಮರಿಯೂ ಕಣ್ಣು ಮುಚ್ಚಿತು.

ಹುಲಿಗವ್ವ ಪಾಕೀಟು ಹಿಡಿದು ಶಾಂತಕ್ಕನ ಬಾಗಿಲಿಗೇ ನುಗ್ಗಿದಳು.

"ಪಾಕೀಟು ಒಂದು, ನೀ ತಿನಿಸಿನಾಗ ಹಾಕೋದು ಇನ್ನೊಂದು! ನನ್ನ ಮರಿ ಸಾಯ್ಲಿ ಅಂತ ಕುಂತೀಯೇನಕ್ಕಾ?"

"ಅಯ್ಯ ನಮ್ಮವ್ವ! ಮೊದ್ಲು ಹೆಂಗ ಹಾಕಿದಿ ಹೇಳು," ಎಂದಳು ಶಾಂತಕ್ಕ.

"ಕುದಿಯೋದ್ರಾಗ ಹಾಕಿ ಛಲೋ ಬೇಯ್ಸೀನಿ."

"ಹಾಲಿಗೆ ಹೆಪ್ಪು ಯಾವಾಗ ಹಾಕ್ತಿ?"

"ಉಗುರುಬೆಚ್ಚಗ ಆದ ಮ್ಯಾಲೆ."

"ಕುದಿಯೋ ಹಾಲಿಗೆ ಹಾಕಿದ್ರ?"

"ಮಸರು ಆಗಂಗಿಲ್ಲ..." ಎನ್ನುತ್ತಾ ಹುಲಿಗವ್ವ ಕೈಯಲ್ಲಿದ್ದ ಪಾಕೀಟನ್ನು ನೋಡಿದಳು.

"ಇದೂ ಹಂಗ ಐತಿ ತಂಗಿ. ಈ ಪುಡಿಯಾಗ ಜೀವ ಐತಿ. ಕಣ್ಣಿಗೆ ಕಾಣದ ಒಳ್ಳೇ ಜೀವಾಣು. ದನದ ದವಾಖಾನ್ಯಾಗ ಇದಕ್ಕ ಪ್ರೊಬಯಾಟಿಕ್ ಅಂತಾರ. ಹಾಲು ಬಿಟ್ಟ ಮರಿ ಕರುಳು ಇನ್ನೂ ಎಳಸು, ಒಮ್ಮಿಗೇ ತಿನಿಸು ಬದಲಾದ್ರ ಕೆಟ್ಟ ಜೀವಾಣು ಜೋರ್ ಮಾಡ್ತಾವ. ಒಳ್ಳೇವು ಅಲ್ಲಿ ಜಾಗ ಹಿಡಿದ್ರ ತಿಂದದ್ದು ಅರಗತೈತಿ, ಭೇದಿ ಕಡಿಮಿ ಆಕ್ಕೈತಿ. ನೀ ಅವನ್ನೆಲ್ಲಾ ಬೇಯ್ಸಿ ಕೊಂದೀದಿ. ಇರ್ಲಿ, ಭೇದಿ ಹತ್ತಿದ ಮರಿಗೆ ಪುಡಿ ಒಂದ ಸಾಲಂಗಿಲ್ಲ. ನಡಿ, ಡಾಕ್ಟರನ್ನ ಕರ್ಕೊಂಡು ಬರೋಣು."

ಡಾಕ್ಟರು ಬಂದರು, ಔಷಧಿ ಕೊಟ್ಟರು. ಶುದ್ಧ ನೀರು, ಒಣಗಿದ ನೆಲ ಬೇಕೆಂದರು. ಭೇದಿ ನಿಂತ ಮೇಲೆ ಆರಿದ ತಿನಿಸಿನಲ್ಲಿ ಒಂದೇ ಚಮಚ ಪುಡಿ ಕಲಸಲು ಹೇಳಿದರು. ಉಳಿದ ಮರಿಗಳು ಎದ್ದು ನಿಂತವು. ಈಗ ಗಾಳೆಪ್ಪನೇ ತಿನಿಸಿಗೆ ಬೆರಳಿಟ್ಟು "ಆರೈತೇನು" ಎಂದು ನೋಡುತ್ತಾನೆ.

"ಇದನ್ನ ಮೊದಲ ಯಾಕ ಹೇಳಲಿಲ್ಲಕ್ಕಾ?" ಎಂದು ಹುಲಿಗವ್ವ ಶಾಂತಕ್ಕನನ್ನು ಕೇಳಿದಳು.

"ನೀ ಎಂದಾರ ಕೇಳಿದ್ಯಾ?"

ಹುಲಿಗವ್ವನ ಹೊಟ್ಟೆಕಿಚ್ಚು ಪೂರ್ತಿ ಆರಿತೆಂದರೆ ಸುಳ್ಳಾದೀತು. ಆದರೆ ಸತ್ತ ಆ ಮೂರು ಮರಿಗಳ ನೆನಪು ಅವಳನ್ನು ಇನ್ನೂ ಚುಚ್ಚುತ್ತದೆ.

ಹಂದಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ! ಮರಿಗಳಿಗೆ ಒಮ್ಮೆಲೇ ತಿನಿಸು ಬದಲಿಸಬೇಡಿ. ಎಂಜಲು ತಿನಿಸನ್ನು ಕುದಿಸಿ, ಪೂರ್ತಿ ಆರಿದ ಮೇಲೆಯೇ ಪ್ರೊಬಯಾಟಿಕ್ ಪುಡಿ ಕಲಸಿ. ಎಷ್ಟು, ಎಂದಿನಿಂದ ಎಂಬುದನ್ನು ಪಶು ವೈದ್ಯರಿಂದ ತಿಳಿಯಿರಿ. ಭೇದಿ ಕಂಡ ದಿನವೇ ದವಾಖಾನೆಗೆ ಹೋಗಿ. ಗೊತ್ತಿಲ್ಲದ್ದನ್ನು ಕೇಳಲು ನಾಚಬೇಡಿ. ನಾಚಿಕೆ ನಿಮ್ಮದು, ಸಾಯುವುದು ಮರಿಗಳು.