ಬೋರಣ್ಣನ ಬೀಗದ ಕೈ ಗೊಂಚಲು

“ಬನಶಂಕರಿ ಗುಡಿ ಮೇಲೆ ಗರುಡ ಹಾರ್ತಿದ್ರೆ, ನಮ್ಮ ಉತ್ತರಹಳ್ಳಿ ತಾರಸೀಲಿ ನಿಂತ್ಕಂಡು ನನ್ ಮೊಮ್ಮಗ್ಳು ಅದ್ರ ಗರಿ ಎಣಿಸ್ತಾಳೆ! ಒಂದೂ ತಪ್ಪಲ್ಲ!”

ಬೋರಣ್ಣ ಟೀ ಅಂಗಡಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದನೆಂಬ ಲೆಕ್ಕ ನೋಡಿದರೆ ಆ ಗರುಡ ನಾಚಿಕೆಯಿಂದಲೇ ಬೋಳಾಗಬೇಕಿತ್ತು. ರಾಗಿ ಹೊಲವಿದ್ದ ಜಾಗದಲ್ಲಿ ಹನ್ನೆರಡು ಬಾಡಿಗೆ ಮನೆ ಕಟ್ಟಿಸಿದ್ದ ಅವನು, ಅವುಗಳ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಅದರ ಸದ್ದು ತಲಘಟ್ಟಪುರದವರೆಗೂ ಕೇಳುತ್ತದೆಂದು ಅವನ ವಾದ. ತಲಘಟ್ಟಪುರದವರು ಒಪ್ಪಿರಲಿಲ್ಲ.

ಆರು ವರ್ಷದ ಧನ್ವಿಗೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ತಾತ ಗೊಂಚಲು ಅಲ್ಲಾಡಿಸುತ್ತ ಮುಂದೆ ಹೋದರೆ ಅವಳು ಆ ಸದ್ದಿನ ಹಿಂದೆಯೇ ನಡೆಯುತ್ತಿದ್ದಳು. ಎರಡು ಸಲ ಜೋರಾಗಿ ಝಣ್ ಎಂದರೆ ಮೆಟ್ಟಿಲು. ಸದ್ದು ನಿಂತರೆ ನಿಲ್ಲಬೇಕು. ಮಗುವಿಗೆ ಕಣ್ಣು ಕಾಣಿಸದೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಬೋರಣ್ಣ ನಂಬಿದ್ದ.

ಸೋಮವಾರ ಮಗಳು ಶಾಲಿನಿ ಹಟ ಹಿಡಿದು ಮಗುವನ್ನು ಜೆ.ಪಿ. ನಗರದ ಅಂಧ ಮಕ್ಕಳ ಶಾಲೆಗೆ ಸೇರಿಸಲು ಹೊರಟಳು. ಟೀ ಅಂಗಡಿಯವರಿಗೆ “ಸಂಗೀತದ ಸ್ಕೂಲು” ಎಂದು ಹೇಳಿ ಬೋರಣ್ಣನೂ ಜೊತೆಗೆ ಬಂದ.

ದಾಖಲಾತಿಯ ಕೋಣೆಯಲ್ಲಿ ವನಿತಾ ಮೇಡಂ ದಪ್ಪ ಕಾಗದದ ಉಬ್ಬು ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಈಕೆಗೂ ಕಾಣಿಸುವುದಿಲ್ಲ, ಕೆಲಸ ಸಲೀಸು ಎಂದುಕೊಂಡ ಬೋರಣ್ಣ.

“ಮಗೂಗೆ ಎಷ್ಟು ಕಾಣ್ಸುತ್ತೆ?”

“ಭರ್ತಿ ಕಾಣ್ಸುತ್ತೆ ಮೇಡಂ! ಒಂಚೂರು ಮಂಜು ಅಷ್ಟೆ.”

“ಅಪ್ಪಾ…” ಎಂದಳು ಶಾಲಿನಿ, ಫೈಲಿನಲ್ಲಿ ಕಣ್ಣಿನ ಡಾಕ್ಟರು ಕೊಟ್ಟಿದ್ದ ಸರ್ಟಿಫಿಕೇಟು ಹುಡುಕುತ್ತ. ಅದು ಸಿಗಲಿಲ್ಲ.

“ನೋಡಿ ಸಾರ್, ಸ್ವಲ್ಪ ಕಾಣೋ ಮಕ್ಳಿಗೆ ದೊಡ್ಡಕ್ಷರದ ಪುಸ್ತಕ. ಏನೂ ಕಾಣ್ದಿದ್ರೆ ಬ್ರೈಲ್. ತಪ್ಪು ಕ್ಲಾಸಲ್ಲಿ ಕೂತ್ರೆ ಮಗು ಒಂದ್ ವರ್ಷ ಸುಮ್ನೆ ಪುಟ ತಿರುವುತ್ತೆ, ಅಷ್ಟೆ.”

“ಬೇಕಾದ್ರೆ ನೋಡಿ! ಧನ್ವಿ, ಕಿಟ್ಕಿ ಹತ್ರ ಹೋಗವ್ವ.”

ಬೋರಣ್ಣ ಬೆಕ್ಕಿನಂತೆ ಕಿಟಕಿಯ ಕಡೆ ಸರಿದು ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿದ. ಮಗು ನೆಟ್ಟಗೆ ನಡೆದು ಬಂತು. “ಕಾಣ್ಸುತ್ತೆ ಮೇಡಂ” ಎಂದು, ಕಲಿಸಿಕೊಟ್ಟಿದ್ದನ್ನೂ ಒಪ್ಪಿಸಿತು.

ಮೇಡಂ ನಕ್ಕರು. “ಅಂಕಲ್, ಎಷ್ಟು ಬೀಗದ ಕೈ ಇವೆ? ಹತ್ತಾದ್ರೂ ಇರ್ಬೇಕು.”

“ಹನ್ನೆರಡು” ಎಂದುಬಿಟ್ಟ ಬೋರಣ್ಣ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು.

“ಅದನ್ನ ಟೇಬಲ್ ಮೇಲೆ ಇಡಿ. ಈಗ ಮಗೂನ ವಾಪಸ್ ಕರೀರಿ. ಬಾಯಿಂದ ಬೇಡ, ಕೈ ಬೀಸಿ ಕರೀರಿ.”

ಬೋರಣ್ಣ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಂದು ಟೇಬಲ್ ಮೇಲಿಟ್ಟು ಕೈ ಬೀಸಿದ. ಇನ್ನೊಮ್ಮೆ ಬೀಸಿದ. ಧನ್ವಿ ಕಿಟಕಿಯ ಹತ್ತಿರ ಅವನ ಕಡೆಗೇ ಮುಖ ಮಾಡಿ ನಿಂತೇ ಇದ್ದಳು. ಲಂಗದ ಅಂಚು ಹಿಂಡುತ್ತ ಪಿಸುಗುಟ್ಟಿದಳು: “ತಾತ, ಬೀಗದ ಕೈ ಸದ್ದು ಯಾಕೆ ನಿಲ್ಸ್ದೆ? ನಾನು ಸರ್ಯಾಗಿ ಹೇಳ್ಲಿಲ್ವಾ?”

ಬೋರಣ್ಣ ಬೀಸುತ್ತಿದ್ದ ಕೈಯನ್ನು ಇಳಿಸಿದ. ಹೋಗಿ ಮಗುವನ್ನು ಎತ್ತಿಕೊಂಡ. ಅಂಗಿಯ ಒಳಜೇಬಿನಿಂದ, ಬೆಳಿಗ್ಗೆ ಫೈಲಿನಿಂದ ಕದ್ದಿಟ್ಟುಕೊಂಡಿದ್ದ ಸರ್ಟಿಫಿಕೇಟನ್ನು ತೆಗೆದು ಶಾಲಿನಿಯ ಕೈಗೆ ಕೊಟ್ಟ. ಅವಳ ಮುಖ ನೋಡಲಿಲ್ಲ.

“ಏನೂ ಕಾಣ್ಸಲ್ಲ ಮೇಡಂ. ಹುಟ್ಟಿದಾಗ್ಲಿಂದ್ಲೂ. ನಾಲ್ಕು ಜನ ಏನಂತಾರೋ ಅಂತ ಈ ಕೂಸಿಗೂ ಸುಳ್ಳು ಕಲಿಸ್ಬಿಟ್ಟೆ. ಚುಕ್ಕಿ ಅಕ್ಷರದ ಕ್ಲಾಸಿಗೇ ಬರ್ಕಳಿ.”