ಸಾಬೂನಿನ ಪೆಟ್ಟಿಗೆ ಮರಳಿ ಬಂತು

ಹಿತ್ತಿಲ ಮೋರಿ ಮತ್ತೆ ಕಟ್ಟಿಕೊಂಡಿತ್ತು. ಸಾಬೂನು ಒಣಗಿಸುವ ಕೋಣೆಗೆ ನೀರು ನುಗ್ಗಿ, ಕೆಳಗಿನ ಹಲಗೆಯ ಬಿಲ್ಲೆಗಳೆಲ್ಲ ಲೋಳೆಲೋಳೆ ಆಗಿದ್ದವು. ಕಿರಿಸೊಸೆ ಕೋಲು ಹಾಕಿ ಎಳೆದರೆ ಬಂದದ್ದು ಅವರದೇ ಪ್ಲಾಸ್ಟಿಕ್ ಚೂರುಗಳು, ಎಣ್ಣೆಯ ಖಾಲಿ ಪ್ಯಾಕೆಟ್ಟುಗಳು. ಹಿರಿಸೊಸೆ ನೀರು ಬಳಿದಳು.

ಆ ಮನೆಯ ಪುಟ್ಟ ಉದ್ಯಮದಲ್ಲಿ ಸಾಬೂನು ಕುದಿಸುವುದು ಕಿರಿಯವಳ ಪಾಲು, ಸುತ್ತುವುದು ಹಿರಿಯವಳದು. ಒಂದೊಂದು ಬಿಲ್ಲೆಗೂ ಎರಡು ಪದರ ಪ್ಲಾಸ್ಟಿಕ್, ಮೇಲೊಂದು ಬಣ್ಣದ ರಿಬ್ಬನ್. ಹಸುಗೂಸಿಗೆ ಅಂಗಿ ತೊಡಿಸುವಷ್ಟು ಅಕ್ಕರೆ ಅವಳಿಗೆ.

ಈಗ ಅವರ ಸಾಬೂನು ಮಾರುವ ಅಂಗಡಿಯಾಕೆ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು: ತನ್ನ ಹಿತ್ತಿಲೂ ಕಸದಿಂದ ತುಂಬಿದೆ, ಪ್ಲಾಸ್ಟಿಕ್ ಸುತ್ತಿದ ಸಾಬೂನು ಇನ್ನು ಬೇಡ. ಕಿರಿಯವಳು ಉಪಾಯವನ್ನೂ ಯೋಚಿಸಿಟ್ಟಿದ್ದಳು. ಎಣ್ಣೆಯವನು ಪ್ಯಾಕೆಟ್ಟಿನ ಬದಲು ಡಬ್ಬದಲ್ಲಿ ಎಣ್ಣೆ ತಂದು ಖಾಲಿ ಡಬ್ಬ ಒಯ್ಯಲಿ, ಸಾಬೂನು ಮರದ ಪೆಟ್ಟಿಗೆಯಲ್ಲಿ ಹೋಗಿ ಪೆಟ್ಟಿಗೆ ಮರಳಿ ಬರಲಿ ಎಂದಳು. ನಾವೇನು ದೊಡ್ಡ ಕಾರ್ಖಾನೆಯವರೇ ಎಂದು ಹಿರಿಯವಳು ಮೂಗು ಮುರಿದಳು. ಊಟಕ್ಕೂ ಏಳಲಿಲ್ಲ.

ಓರಗಿತ್ತಿ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕುಳಿತಾಗ, ಹಿರಿಯವಳ ಮಾತು ಹೊರಬಿತ್ತು.

"ಸುತ್ತೋದೇ ಬೇಡ ಅಂದ್ಮೇಲೆ ನಾನ್ಯಾಕೆ ಬೇಕು ನಿಂಗೆ?"

ಕಿರಿಯವಳು ತಟ್ಟೆ ಕೆಳಗಿಟ್ಟಳು. "ಅಕ್ಕಾ, ಎಣ್ಣೆಯವನನ್ನ ಒಪ್ಪಿಸೋರು ಯಾರು? ನನ್ನ ಕೈಲಿ ಆಗುತ್ತಾ? ನಾನು ಬಾಯಿ ಬಿಡೋದ್ರೊಳಗೆ ಅವನು ಇನ್ನಷ್ಟು ಪ್ಯಾಕೆಟ್ಟು ಇಳಿಸಿ ಹೋಗ್ತಾನೆ. ನಿನ್ನ ಕಂಡ್ರೆ ಅವನ ಗಾಡಿನೂ ಹೆದರುತ್ತೆ."

ಹಿರಿಯವಳು ನಗು ನುಂಗಿಕೊಂಡು ತಟ್ಟೆ ಎಳೆದುಕೊಂಡಳು.

ಮರುದಿನ ಬಾಗಿಲಲ್ಲಿ ನಿಂತಿದ್ದವಳು ಅವಳೇ. ಡಬ್ಬದಲ್ಲಿ ಎಣ್ಣೆ ತಂದರೂ ಖಾಲಿ ಡಬ್ಬ ಹೊರುವುದು ತನಗೆ ಭಾರ ಎಂದು ಎಣ್ಣೆಯವನು ರಾಗ ಎಳೆದ.

"ಹೋಗ್ತಾ ಗಾಡಿ ಖಾಲಿನೇ ಅಲ್ವೇನಪ್ಪಾ? ಡಬ್ಬ ಹೊತ್ರೆ ಅದಕ್ಕೇನು ಸೊಂಟ ಹಿಡಿಯುತ್ತಾ? ಅಂಗಡಿ ನಿನ್ನ ದಾರೀಲೇ ಇದೆ, ಈ ಪೆಟ್ಟಿಗೆನೂ ಇಳಿಸಿ ಹೋಗು."

ಅವನು ತಲೆ ಕೆರೆದುಕೊಂಡು ಪೆಟ್ಟಿಗೆ ಎತ್ತಿಕೊಂಡ. ಅದರೊಳಗೆ ಸಾಲುಸಾಲಿನ ನಡುವೆ ಕಾಗದ ಹಾಸಿ ಬಿಲ್ಲೆಗಳನ್ನು ಜೋಡಿಸಿದ್ದವಳೂ ಅವಳೇ. ಮುಂದಿನ ವಾರ ಪೆಟ್ಟಿಗೆ ಖಾಲಿಯಾಗಿ ಮರಳಿತು. ಜೊತೆಗೆ, ಇನ್ನೂ ಒಂದು ಪೆಟ್ಟಿಗೆ ಹೆಚ್ಚು ಕಳಿಸಿ ಎಂಬ ಅಂಗಡಿಯಾಕೆಯ ಮಾತೂ ಬಂತು.

ಈಗ ನಿನ್ನ ಕೆಲಸವೇನು ಎಂದು ಹಿರಿಯವಳನ್ನು ಗಂಡ ಕೆಣಕಿದ. ಅವಳು ಪೆಟ್ಟಿಗೆ ಒರೆಸುತ್ತಲೇ ಹೇಳಿದಳು: "ಈ ಮನೆಗೆ ಬರೋ ಸರಕು, ಹೋಗೋ ಸರಕು ಎಲ್ಲಾ ನನ್ನನ್ನ ಕೇಳಿಕೊಂಡೇ ಓಡಾಡ್ಬೇಕು."

ಸಣ್ಣ ಉದ್ಯಮ ನಡೆಸುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸರಕು ಯಾವುದರಲ್ಲಿ ಬರುತ್ತದೆ, ಯಾವುದರಲ್ಲಿ ಹೋಗುತ್ತದೆ, ಖಾಲಿಯಾದದ್ದು ಎಲ್ಲಿ ಬೀಳುತ್ತದೆ ಎಂದು ಇವತ್ತೇ ನೋಡಿ. ಕೊಡುವವರನ್ನೂ ಕೊಳ್ಳುವವರನ್ನೂ ಮಾತಾಡಿಸಿ. ಮನೆಯಲ್ಲಿ ಬೇಡ ಎನ್ನುವವರಿದ್ದರೆ ಬೈಯಬೇಡಿ, ಆ ಹೊಣೆಯನ್ನು ಅವರ ಕೈಗೇ ಕೊಡಿ.